ಆರಿದ್ರೆಯ ಕೆಂಪು ಚುಕ್ಕಿ: ನರಗುಂದ, ರೋಣ, ಗಜೇಂದ್ರಗಡ ಸೀಮೆಯ ಮಳೆಲೆಕ್ಕದ ಇತಿಹಾಸ

ಗದಗ ಜಿಲ್ಲೆಯ ನರಗುಂದ, ರೋಣ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಗಜೇಂದ್ರಗಡ ಸೀಮೆಯಲ್ಲಿ ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವ ರೂಢಿ ಇಂದಿಗೂ ಕಡಿಮೆ. ಅಲ್ಲಿ ಬೀಳುವುದು ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ, ಮಘಿ ಮಳೆ, ಹುಬ್ಬಿ ಮಳೆ, ಉತ್ತರಿ ಮಳೆ. ಸೂರ್ಯನು ತನ್ನ ವಾರ್ಷಿಕ ದಾರಿಯನ್ನು ಕ್ರಮಿಸುವಾಗ ಆ ದಾರಿಯ 27 ಸಮಭಾಗಗಳಲ್ಲಿ ಒಂದೊಂದರಲ್ಲಿಯೂ ಸುಮಾರು 13–14 ದಿನ ಇರುತ್ತಾನೆಂದು ಹಿಡಿದು, ಆ ಅವಧಿಯಲ್ಲಿ ಬಿದ್ದ ಮಳೆಗೆ ಆ ಭಾಗದ ನಕ್ಷತ್ರದ ಹೆಸರನ್ನೇ ಕೊಡುವ ಪದ್ಧತಿ ಇದು. ಸೂರ್ಯನಿರುವ ಈ ನಕ್ಷತ್ರವನ್ನು ಪಂಚಾಂಗಗಳು ಮಹಾನಕ್ಷತ್ರವೆಂದೂ ರೈತರು ಮಳೆನಕ್ಷತ್ರವೆಂದೂ ಕರೆಯುತ್ತಾರೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ ಅಂದರೆ ಮಿರಗ, ಜೂನ್ 22ರ ಹೊತ್ತಿಗೆ ಆರಿದ್ರೆ ಎಂದು ಸಾಗುವ ಈ ಲೆಕ್ಕ ನವೆಂಬರಿನ ವಿಶಾಖೆಯವರೆಗೆ ಒಕ್ಕಲುತನದ ಒಂದೊಂದು ಕೆಲಸಕ್ಕೂ ಗಡುವನ್ನು ಹಾಕುತ್ತದೆ. ಈ ಸಾಲಿನಲ್ಲಿ ಆರಿದ್ರೆಗೆ ಒಂದು ವಿಶೇಷವಿದೆ. ಅದಕ್ಕೆ ಹೆಸರು ಕೊಟ್ಟ ಚುಕ್ಕಿ ತಾನೇ ಒಂದೇ ಬೆಳಕಿನಲ್ಲಿ ನಿಲ್ಲದ, ಉಬ್ಬಿ ಕೆಂಪಾದ ನಕ್ಷತ್ರವಾಗಿರುವುದರಿಂದ, ಅದರ ಸುತ್ತ ಬೆಳೆದ ಮಳೆಲೆಕ್ಕದ ಇತಿಹಾಸವನ್ನು ಆ ಚುಕ್ಕಿಯ ಸ್ವಭಾವದೊಂದಿಗೆ ಸೇರಿಸಿಯೇ ನೋಡಬೇಕಾಗುತ್ತದೆ.

ಆರಿದ್ರೆಯ ಚುಕ್ಕಿಯೆಂದು ಹೆಚ್ಚಿನ ವಿದ್ವಾಂಸರು ಗುರುತಿಸುವುದು ಮಹಾವ್ಯಾಧ ಅಥವಾ ಒರಾಯನ್ ಪುಂಜದ ಭುಜದಲ್ಲಿ ಕೆಂಪಾಗಿ ಹೊಳೆಯುವ ಬೀಟಲ್‌ಜ್ಯೂಸ್ ನಕ್ಷತ್ರವನ್ನು. ಈ ಗುರುತು ಸಂಪೂರ್ಣ ನಿರ್ವಿವಾದವಲ್ಲ, ಏಕೆಂದರೆ ಸೂರ್ಯಸಿದ್ಧಾಂತವು ಆರಿದ್ರೆಯ ಯೋಗತಾರೆಗೆ, ಅಂದರೆ ಆ ಭಾಗವನ್ನು ಗುರುತಿಸುವ ಮುಖ್ಯ ಚುಕ್ಕಿಗೆ, 67 ಅಂಶ 20 ಕಲೆಯ ಸ್ಥಾನವನ್ನೂ ಸೂರ್ಯಮಾರ್ಗದಿಂದ ದಕ್ಷಿಣಕ್ಕೆ 9 ಅಂಶದ ದೂರವನ್ನೂ ಹೇಳಿದರೆ, ಬೀಟಲ್‌ಜ್ಯೂಸ್ ನಿಜವಾಗಿ ಇರುವುದು ದಕ್ಷಿಣಕ್ಕೆ 16 ಅಂಶದಲ್ಲಿ. ಆದರೂ ಒಂದೇ ಚುಕ್ಕಿಯ ನಕ್ಷತ್ರ, ಮಣಿಯ ಆಕಾರ, ರುದ್ರ ಅಧಿದೇವತೆ ಎಂಬ ಹಳೆಯ ವಿವರಣೆಗಳಿಗೆ ಆ ಸೀಮೆಯ ಆಕಾಶದಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವ ಚುಕ್ಕಿ ಬೇರೊಂದಿಲ್ಲ.

ನಕ್ಷತ್ರವೊಂದು ತನ್ನ ಒಡಲಿನ ಜಲಜನಕವನ್ನು ಉರಿಸಿ ಮುಗಿಸಿದ ಮೇಲೆ ಹೊರಪದರಗಳು ಉಬ್ಬಿ, ಮೇಲ್ಮೈ ತಣಿದು ಕೆಂಪಾಗುತ್ತದೆ. ಸೂರ್ಯನಂಥ ನಕ್ಷತ್ರ ಹೀಗೆ ಉಬ್ಬಿದಾಗ ಅದು ಕೆಂಪು ದೈತ್ಯ, ಸೂರ್ಯನ ಹತ್ತಾರು ಪಟ್ಟು ತೂಕದ ನಕ್ಷತ್ರ ಉಬ್ಬಿದಾಗ ಕೆಂಪು ಮಹಾದೈತ್ಯ. ರೋಹಿಣಿಯ ಚುಕ್ಕಿಯಾದ ಆಲ್ಡೆಬರಾನ್ ಮೊದಲನೆಯ ಬಗೆಯದು. ಆರಿದ್ರೆಯ ಬೀಟಲ್‌ಜ್ಯೂಸ್ ಮತ್ತು ಜ್ಯೇಷ್ಠೆಯ ಆಂಟಾರೆಸ್ ಎರಡನೆಯ ಬಗೆಯವು. ಬೀಟಲ್‌ಜ್ಯೂಸನ್ನು ಸೂರ್ಯನ ಜಾಗದಲ್ಲಿ ಇಟ್ಟರೆ ಅದರ ಮೇಲ್ಮೈ ಮಂಗಳನ ಕಕ್ಷೆಯನ್ನೂ ದಾಟಿ ಹೋಗುವಷ್ಟು ಅದು ಹಿಗ್ಗಿದೆ. ಇಷ್ಟು ಸಡಿಲವಾದ ಒಡಲು ಒಂದೇ ಸಮನೆ ನಿಲ್ಲಲಾರದು. ಅದು ಹಿಗ್ಗುತ್ತದೆ, ಕುಗ್ಗುತ್ತದೆ, ಒಳಗಿನಿಂದ ಕುದಿದು ಬರುವ ಬಿಸಿ ಅನಿಲದ ದೊಡ್ಡ ದೊಡ್ಡ ಗುಳ್ಳೆಗಳಿಂದ ಕಲಕಿಹೋಗುತ್ತದೆ, ಹೀಗಾಗಿ ಅದರ ಬೆಳಕು ಏರಿಳಿಯುತ್ತದೆ. ಈ ಏರಿಳಿತ ಗಡಿಯಾರದಂತೆ ಖಚಿತವಾಗಿದ್ದರೆ ಅದು ನಿಯತ ಚರಕಾಂತಿ ನಕ್ಷತ್ರ, ಲಯವೇ ಇಲ್ಲದಿದ್ದರೆ ಅನಿಯತ. ಲಯವೊಂದಿದ್ದು ಆಗಾಗ ಅದು ತಪ್ಪುವುದಾದರೆ ಅರೆನಿಯತ. ಬೀಟಲ್‌ಜ್ಯೂಸ್ ಈ ಮೂರನೆಯ ವರ್ಗದ್ದು: ಸುಮಾರು 400 ದಿನಗಳ ಒಂದು ಏರಿಳಿತ, ಅದರ ಮೇಲೆ ಸುಮಾರು 6 ವರ್ಷಗಳ ಇನ್ನೊಂದು ನಿಧಾನದ ಏರಿಳಿತ, ಎರಡೂ ಕೂಡಿ ಕೆಲವೊಮ್ಮೆ ಎದ್ದು ಕಾಣುವಷ್ಟು ಮಂಕು, ಕೆಲವೊಮ್ಮೆ ಪುಂಜದಲ್ಲಿಯೇ ಎಲ್ಲಕ್ಕಿಂತ ಹೆಚ್ಚಿನ ಹೊಳಪು.

ಮಳೆಲೆಕ್ಕದ ವಿಚಾರದಲ್ಲಿ ಬಹಳ ಜನರ ಗಮನಕ್ಕೆ ಬಾರದ ಸಂಗತಿಯೊಂದಿದೆ: ಆರಿದ್ರಾ ಮಳೆ ಬೀಳುವಾಗ ಆರಿದ್ರೆಯ ಚುಕ್ಕಿ ಕಾಣುವುದಿಲ್ಲ. ಸೂರ್ಯನು ಅದೇ ದಿಕ್ಕಿನಲ್ಲಿರುವುದರಿಂದ, ಮೋಡವಿಲ್ಲದಿದ್ದರೂ, ಮೇ ಕೊನೆಯಿಂದ ಜುಲೈ ಮೊದಲ ಭಾಗದವರೆಗೆ ಅದು ಹಗಲಿನ ಬೆಳಕಿನಲ್ಲಿಯೇ ಹುಟ್ಟಿ ಹಗಲಿನ ಬೆಳಕಿನಲ್ಲಿಯೇ ಮುಳುಗುತ್ತದೆ. ಅದು ರಾತ್ರಿಯಿಡೀ ಕಾಣುವುದು ಡಿಸೆಂಬರಿನಲ್ಲಿ, ಹಿಂಗಾರಿ ಜೋಳ ಎದೆಯುದ್ದ ನಿಂತು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ದಿನಗಳಲ್ಲಿ. ರೋಣದ ಅಕ್ಷಾಂಶದಲ್ಲಿ ಅದು ನಡುರಾತ್ರಿ ನೆತ್ತಿಗಿಂತ ಬರೀ 8 ಅಂಶ ದಕ್ಷಿಣಕ್ಕೆ ಸರಿದು ಹಾಯುತ್ತದೆ. ಬೆಳೆ ಕಾಯಲು ಹೊಲದಲ್ಲಿ ಮಲಗಿದವರ ನೆತ್ತಿಯ ಮೇಲೆ ಇದ್ದ ಈ ಚುಕ್ಕಿಗೂ ಆರು ತಿಂಗಳ ಹಿಂದೆ ಬಂದುಹೋದ ಮಳೆಯ ಹೆಸರಿಗೂ ಇದ್ದ ಸಂಬಂಧ ಕಣ್ಣಿನಿಂದ ತಿಳಿಯುವಂಥದ್ದಲ್ಲ, ಗಣಿತದಿಂದ ತಿಳಿಯುವಂಥದ್ದು. ಆದ್ದರಿಂದ ಮಳೆನಕ್ಷತ್ರದ ಪದ್ಧತಿಯನ್ನು ಹಳ್ಳಿಗರ ಆಕಾಶವೀಕ್ಷಣೆಯ ಫಲವೆಂದು ಮಾತ್ರ ಹೇಳಿಬಿಡುವುದು ಸರಿಯಲ್ಲ. ಅದರ ಹಿಂದೆ ಪಂಚಾಂಗ ಹಾಕಬಲ್ಲ ವಿದ್ವಾಂಸರ ಪರಂಪರೆ ಇರಲೇಬೇಕಿತ್ತು.

ಆ ಪರಂಪರೆಯ ಒಂದು ಹಳೆಯ ನೆಲೆ ನರಗುಂದವೇ. ಕನ್ನಡದಲ್ಲಿ ದೊರೆತಿರುವ ಮೊದಲ ಜ್ಯೋತಿಷ್ಯಗ್ರಂಥವಾದ ಜಾತಕತಿಲಕವನ್ನು 1049ರಲ್ಲಿ, ಕಲ್ಯಾಣ ಚಾಲುಕ್ಯರ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ಬೆಳ್ವೊಲ ನಾಡಿನ ನರಗುಂದದ ಜೈನ ವಿದ್ವಾಂಸನಾದ ಶ್ರೀಧರಾಚಾರ್ಯನು ರಚಿಸಿದನು. ಅದು ಹುಟ್ಟಿದವರ ಜಾತಕವನ್ನು ಕುರಿತ ಗ್ರಂಥವೇ ಹೊರತು ಮಳೆಯ ಗ್ರಂಥವಲ್ಲ. ಆದರೆ ಗ್ರಹ, ರಾಶಿ, ನಕ್ಷತ್ರಗಳ ಲೆಕ್ಕವನ್ನು ಸಂಸ್ಕೃತದಿಂದ ಕನ್ನಡಕ್ಕೆ ತಂದ, ಅದಕ್ಕೇ ಮೀಸಲಾದ ಮೊದಲ ಕೃತಿ ಎರೆಮಣ್ಣಿನ ನಾಡಿನಲ್ಲಿ ಹುಟ್ಟಿತೆಂಬುದು ಈ ಸೀಮೆಯ ಇತಿಹಾಸದಲ್ಲಿ ಇನ್ನೂ ತಕ್ಕ ಮನ್ನಣೆ ಪಡೆಯದ ವಿಷಯ. ಇದಕ್ಕೆ ಸುಮಾರು 25 ವರ್ಷ ಮೊದಲು ಎರಡನೆಯ ಚಾವುಂಡರಾಯನು ಲೋಕೋಪಕಾರವನ್ನು ಬರೆದು, ಜ್ಯೋತಿಷ್ಯದ ಜೊತೆಗೆ ನೆಲದಡಿಯ ನೀರನ್ನು ಕಂಡುಹಿಡಿಯುವುದು, ಗಿಡಮರಗಳ ಆರೈಕೆ, ಅಡುಗೆ ಮೊದಲಾದ ಬಳಕೆಯ ವಿದ್ಯೆಗಳನ್ನು ಕನ್ನಡದಲ್ಲಿ ಹೇಳಿದ್ದನು. ಸುಮಾರು 1300ರ ಹೊತ್ತಿಗೆ ರಟ್ಟಕವಿಯು ರಟ್ಟಮತದಲ್ಲಿ ಮಳೆ, ಮಿಂಚು, ಭೂಕಂಪಗಳ ಲಕ್ಷಣಗಳನ್ನು ಕೂಡಿಸಿದನು. ಇವರೆಲ್ಲರ ಹಿಂದೆ 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಇದೆ. ಅದರಲ್ಲಿ ಮಳೆಯ ಗರ್ಭಲಕ್ಷಣ, ಮಳೆಯನ್ನು ಪಾತ್ರೆಯಲ್ಲಿ ಅಳೆಯುವ ಕ್ರಮ, ರೋಹಿಣಿಯೋಗ, ಸ್ವಾತಿಯೋಗಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಗಮನಿಸಬೇಕಾದುದೆಂದರೆ ವರಾಹಮಿಹಿರನ ಯೋಗಗಳು ಚಂದ್ರನಿರುವ ನಕ್ಷತ್ರವನ್ನು ಹಿಡಿದವು, ಇಂದಿನ ಕನ್ನಡ ರೈತರ ಮಳೆನಕ್ಷತ್ರ ಸೂರ್ಯನಿರುವ ನಕ್ಷತ್ರವನ್ನು ಹಿಡಿದದ್ದು. ಚಂದ್ರನ ಲೆಕ್ಕ ವರ್ಷ ವರ್ಷವೂ ಹಿಂದೆ ಮುಂದೆ ಓಲಾಡುವುದರಿಂದ ಬಿತ್ತಿಗೆಗೆ ಸೂರ್ಯನ ಲೆಕ್ಕವೇ ಗಟ್ಟಿ. ಬಿತ್ತುವವನಿಗೆ ಬೇಕಾದುದು ಋತುವಿನೊಂದಿಗೆ ನಡೆಯುವ ದಿನಮಾನ.

ಶ್ರೀಧರಾಚಾರ್ಯನ ಕಾಲದಲ್ಲಿಯೇ ಪಕ್ಕದ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದವಳು ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ. ರೋಣ–ಗಜೇಂದ್ರಗಡಗಳ ನಡುವಿನ ಸೂಡಿಯಲ್ಲಿ ಆಕೆಯ ಕಾಲದ ಶಾಸನಗಳು ನಿಂತಿವೆ. ಚಾಲುಕ್ಯರ ನಾಣ್ಯಗಳನ್ನು ಅಚ್ಚು ಹಾಕುವ ಟಂಕಸಾಲೆಯೂ ಆ ಊರಿನಲ್ಲಿತ್ತು. ಈ ನಾಡಿನ ಆ ಕಾಲದ ದಾನಶಾಸನಗಳು ಕಾಲವನ್ನು ಹೇಳುವ ರೀತಿ ಬಹಳ ಅಚ್ಚುಕಟ್ಟು: ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಅವುಗಳ ಮೇಲೆ ಉತ್ತರಾಯಣ ಸಂಕ್ರಾಂತಿಯೋ ಗ್ರಹಣವೋ ವ್ಯತೀಪಾತವೋ ಎಂಬ ಪುಣ್ಯಕಾಲದ ಉಲ್ಲೇಖ. ಈ ಅಚ್ಚುಕಟ್ಟುತನದಿಂದಲೇ 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರಂಥವರು ಶಾಸನಗಳ ಕಾಲವನ್ನು ಗಣಿತದಿಂದ ಪರೀಕ್ಷಿಸಲು ಸಾಧ್ಯವಾಯಿತು, ಈಚೆಗೆ ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಅವರು ಕಲ್ಲಿನ ಮೇಲಿನ ಆಕಾಶದ ಇತಿಹಾಸವನ್ನು ಹೆಕ್ಕಿ ತೆಗೆಯಲು ಸಾಧ್ಯವಾಯಿತು. ಆದರೆ ಈ ಕಲ್ಲುಗಳಿಗೆ ಬೇಕಾದುದು ಚುಕ್ಕಿಯ ಸ್ಥಾನ ಮತ್ತು ಅದು ಕೂಡಿಬಂದ ಗಳಿಗೆ. ಚುಕ್ಕಿಯ ಬಣ್ಣ, ಹೊಳಪು ಅವುಗಳ ವಿಷಯವಲ್ಲ. ಬೀಟಲ್‌ಜ್ಯೂಸ್ 2,000 ವರ್ಷಗಳ ಹಿಂದೆ ಇಂದಿನಷ್ಟು ಕೆಂಪಾಗಿರಲಿಲ್ಲ, ಹಳದಿಗೆ ಹತ್ತಿರವಿತ್ತು ಎಂದು ಚೀನದ ಸಿಮಾ ಚಿಯಾನ್ ಮತ್ತು ರೋಮಿನ ಹೈಜೀನಸ್ ಬರೆದ ವಿವರಣೆಗಳನ್ನು ಆಧರಿಸಿ ಜರ್ಮನಿಯ ಸಂಶೋಧಕರು 2022ರಲ್ಲಿ ತೋರಿಸಿದರು. ಆ ಬದಲಾವಣೆಯ ನಡುವಿನ ಶತಮಾನಗಳಲ್ಲಿ ಬರೆದ ನರಗುಂದದ ವಿದ್ವಾಂಸನಂಥವರು ಬಣ್ಣದ ಬಗ್ಗೆಯೂ ಒಂದು ಮಾತು ಹೇಳಿದ್ದರೆ ಅದು ಇಂದು ಅಮೂಲ್ಯ ಸಾಕ್ಷಿಯಾಗುತ್ತಿತ್ತು.

ಇಲ್ಲಿ ಇನ್ನೊಂದು ವಿಷಯವನ್ನು ವಿಸ್ತಾರವಾಗಿ ನೋಡಬೇಕು, ಏಕೆಂದರೆ ಮಳೆನಕ್ಷತ್ರದ ಪದ್ಧತಿ ಅನಾದಿಯಿಂದ ಹೀಗೆಯೇ ಇದೆಯೆಂಬ ನಂಬಿಕೆ ವ್ಯಾಪಕವಾಗಿದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ, ನಕ್ಷತ್ರಗಳನ್ನು ಹಿಡಿದು ಎಣಿಸಿದ ವರ್ಷಕ್ಕೂ ಋತುಗಳನ್ನು ಹಿಡಿದು ಎಣಿಸಿದ ವರ್ಷಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಇದನ್ನೇ ಜ್ಯೋತಿಷಿಗಳು ಅಯನಚಲನೆ ಎನ್ನುತ್ತಾರೆ, ಎರಡು ಲೆಕ್ಕಗಳ ನಡುವೆ ಕೂಡುತ್ತ ಹೋದ ಅಂತರವನ್ನು ಅಯನಾಂಶ ಎನ್ನುತ್ತಾರೆ. ಸೂರ್ಯಸಿದ್ಧಾಂತದ ವರ್ಷಮಾನವನ್ನು ಹಿಡಿದರೆ ಸುಮಾರು 60 ವರ್ಷಕ್ಕೊಂದು ದಿನದಂತೆ ನಕ್ಷತ್ರಪ್ರವೇಶಗಳು ಋತುವಿನಲ್ಲಿ ಮುಂದಕ್ಕೆ ಜಾರುತ್ತವೆ. ಈ ಲೆಕ್ಕದಲ್ಲಿ, ಜಾತಕತಿಲಕ ರಚನೆಯಾದ 1049ರಲ್ಲಿ ಸೂರ್ಯನು ಆರಿದ್ರೆಯನ್ನು ಪ್ರವೇಶಿಸಿದ್ದು, ಇಂದಿನ ಕ್ಯಾಲೆಂಡರಿನ ಎಣಿಕೆಯಲ್ಲಿ, ಜೂನ್ ಮೊದಲ ವಾರದಲ್ಲಿ. ನೈಋತ್ಯ ಮುಂಗಾರು ಉತ್ತರ ಕರ್ನಾಟಕದ ಒಳನಾಡಿಗೆ ಕಾಲಿಡುವ ಹೊತ್ತು ಸರಿಸುಮಾರು ಅದೇ. ಎಂದರೆ ಅಕ್ಕಾದೇವಿಯ ಕಾಲದ ಒಕ್ಕಲಿಗನಿಗೆ ಮುಂಗಾರಿಯ ಬಾಗಿಲು ತೆರೆಯುತ್ತಿದ್ದುದು ಆರಿದ್ರೆ; ಇಂದು ಅದೇ ಬಾಗಿಲನ್ನು ತೆರೆಯುವುದು ಮಿರಗ. ರುದ್ರನ ನಕ್ಷತ್ರಕ್ಕೂ ಮಳೆಯ ಆರಂಭಕ್ಕೂ ಇರುವ ಹಳೆಯ ನಂಟು, ಸೂರ್ಯನ ಆರಿದ್ರಾಪ್ರವೇಶದ ಗಳಿಗೆಗೆ ಕುಂಡಲಿ ಹಾಕಿ ಆ ವರ್ಷದ ಮಳೆಯ ಫಲ ಹೇಳುವ ಪಂಚಾಂಗಗಳ ಪದ್ಧತಿ, ಇವೆರಡೂ ಆ ಹಿಂದಿನ ಸ್ಥಿತಿಯಲ್ಲಿ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತವೆ.

ಹೀಗಿರುವಾಗ ಜನರ ನಾಲಗೆಯ ಮೇಲಿರುವ ಮಳೆಗಾದೆಗಳು ಚಾಲುಕ್ಯರ ಕಾಲದವು ಆಗಿರಲಾರವು. ರೋಹಿಣಿ ಸುರಿದರೆ ಓಣಿಯೆಲ್ಲ ಜೋಳವಾಗುವುದೆಂಬ, ಆರಿದ್ರೆ ಸುರಿದರೆ ದಾರಿದ್ರ್ಯ ತೊಲಗುವುದೆಂಬ ಪ್ರಾಸದ ಮಾತುಗಳು ಮೇ ಕೊನೆಯ ಮತ್ತು ಜೂನ್ ಕೊನೆಯ ಮಳೆಗೆ ಹೊಂದುತ್ತವೆ. ಎರಡು ವಾರ ಹಿಂದಕ್ಕೆ ಸರಿಸಿದರೆ ಅವುಗಳ ಕೃಷಿಯ ಅರ್ಥವೇ ಕೆಡುತ್ತದೆ. ಆದ್ದರಿಂದ ಅವು ಈಚಿನ ಕೆಲವು ಶತಮಾನಗಳಲ್ಲಿ ಹುಟ್ಟಿದವು ಅಥವಾ ಹಳೆಯ ಮಾತುಗಳನ್ನು ತಲೆಮಾರುಗಳು ತಮ್ಮ ಅನುಭವಕ್ಕೆ ತಕ್ಕಂತೆ ತಿದ್ದಿಕೊಂಡು ಬಂದವು ಎಂದೇ ತಿಳಿಯಬೇಕು. ಈ ತಿದ್ದುವಿಕೆ ಯಾವ ಗ್ರಂಥದಲ್ಲಿಯೂ ದಾಖಲಾಗಿಲ್ಲದಿದ್ದರೂ, ಪಂಚಾಂಗದ ಗಣಿತ ಮಾಡಲಾಗದ ಕೆಲಸವನ್ನು ಅದು ಮಾಡಿದೆ.

ಮೂರು ಊರುಗಳ ನೆಲ ಒಂದೇ ಅಲ್ಲವಾದ್ದರಿಂದ ಅವು ಈ ಒಂದೇ ಪಟ್ಟಿಯನ್ನು ಓದಿದ ರೀತಿಯೂ ಒಂದೇ ಅಲ್ಲ. ನರಗುಂದದ ಸುತ್ತಲಿನದು ಆಳವಾದ ಎರಿಭೂಮಿ, ಅಂದರೆ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಟ್ಟು, ಮಳೆಗಾಲದಲ್ಲಿ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುವ ಕಪ್ಪು ಮಣ್ಣು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿರುವ ಈ ಸೀಮೆಯ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದುದರಿಂದ ನರಗುಂದದ ಎರಿ ಹೊಲದವನು ಆರಿದ್ರೆ, ಪುನರ್ವಸು, ಪುಷ್ಯಗಳಲ್ಲಿ ಕುಂಟೆ ಹೊಡೆದು ಹೊಲವನ್ನು ಹರಗುತ್ತ, ಕಸ ತೆಗೆಯುತ್ತ, ಬಿದ್ದ ನೀರು ಆವಿಯಾಗದಂತೆ ಮೇಲ್ಮಣ್ಣನ್ನು ಸಡಿಲವಾಗಿ ಇಡುತ್ತಿದ್ದನೇ ಹೊರತು, ಅವನ ನಿಜವಾದ ಕಾಯುವಿಕೆ ಹುಬ್ಬಿ, ಉತ್ತರಿ, ಹಸ್ತಗಳಿಗಾಗಿ. ಉತ್ತರಿ ಸುರಿದು ಹದ ಸಿಕ್ಕರೆ ಕೂರಿಗೆ ಹೂಡಿ ಬಿಳಿಜೋಳ, ಆ ಮೇಲೆ ಕಡಲೆ, ಕುಸುಬೆ, ಗೋಧಿ. ಆಮೇಲೆ ಮಳೆ ಬಾರದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಬೆಳೆ ನಿಲ್ಲುತ್ತದೆ. ಗಜೇಂದ್ರಗಡದ ಗುಡ್ಡಸಾಲಿನ ಬುಡದ ಮಸಾರಿ ಹೊಲಗಳಿಗೆ, ಎಂದರೆ ನೀರನ್ನು ಹಿಡಿದಿಡಲಾರದ ಕೆಂಪು ಮಣ್ಣಿಗೆ, ಈ ಸೌಲಭ್ಯವಿಲ್ಲ. ಅಲ್ಲಿ ಸಜ್ಜೆ, ಶೇಂಗಾ, ಹೆಸರುಗಳ ಹಣೆಬರಹವನ್ನು ಬರೆಯುವುದು ರೋಹಿಣಿಯಿಂದ ಆರಿದ್ರೆಯವರೆಗಿನ ಮಳೆಯೇ. ಒಂದು ನಕ್ಷತ್ರ ಒಣಗಿ ಹೋದರೆ ಬೆಳೆ ಬಾಡುತ್ತದೆ. ರೋಣ ಇವೆರಡರ ನಡುವಿನದು. ಅಲ್ಲಿ ಮಿರಗದ ಹದಕ್ಕೆ ಹೆಸರು ಬಿತ್ತಿ, ಮಘಿ–ಹುಬ್ಬಿಯ ಹೊತ್ತಿಗೆ ಅದನ್ನು ಕಿತ್ತು, ಅದೇ ಹೊಲವನ್ನು ಹರಗಿ ಉತ್ತರಿ–ಹಸ್ತಕ್ಕೆ ಜೋಳವನ್ನೋ ಕಡಲೆಯನ್ನೋ ಹಾಕುವ ಎರಡು ಬೆಳೆಯ ಕ್ರಮ ಬೆಳೆಯಿತು. ನಡುವೆ ಆರಿದ್ರೆ ಅತಿಯಾಗಿ ಸುರಿದರೆ ಎಡೆಕುಂಟೆ ಹೊಡೆಯಲು ಹದ ಸಿಗದೆ ಹೆಸರಿನಲ್ಲಿ ಕಸ ಏಳುತ್ತದೆ, ಸುರಿಯದೇ ಹೋದರೆ ಕಾಯಿ ಕಟ್ಟುವುದಿಲ್ಲ.

ಪಟ್ಟಿಯ ಜೊತೆಗೆ ಮುಂಚಿತವಾಗಿ ಫಲ ಹೇಳುವ ಆಚರಣೆಗಳೂ ಬೆಳೆದವು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವಾಗ, ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನಾಗಿ ಬರುವುದೆಂಬ ನಂಬಿಕೆ ಈ ಸೀಮೆಯಲ್ಲಿಯೂ ಇದೆ. ಆ ಹುಣ್ಣಿಮೆಯ ಚಂದ್ರನ ಹತ್ತಿರ ಹೊಳೆಯುವುದು ಜ್ಯೇಷ್ಠೆಯ ಕೆಂಪು ಚುಕ್ಕಿ ಆಂಟಾರೆಸ್. ಅದೂ ಆರಿದ್ರೆಯಂತೆಯೇ ಬೆಳಕು ಏರಿಳಿಯುವ ಮಹಾದೈತ್ಯ, ಆಕಾಶದಲ್ಲಿ ಆರಿದ್ರೆಗೆ ಬಹುಮಟ್ಟಿಗೆ ಎದುರುಬದುರಾಗಿ ಇರುವುದರಿಂದ ಒಂದು ಹುಟ್ಟುವಾಗ ಇನ್ನೊಂದು ಮುಳುಗುತ್ತದೆ. ಯುಗಾದಿಯ ದಿನ ಗುಡಿಯಲ್ಲಿ ನಡೆಯುವ ಪಂಚಾಂಗಶ್ರವಣದಲ್ಲಿ ಆ ವರ್ಷ ಎಷ್ಟು ಕೊಳಗ ಮಳೆ ಎಂದು ಓದಿಹೇಳುವುದು, ಒಂದೊಂದು ಮಳೆನಕ್ಷತ್ರಕ್ಕೂ ಒಂದೊಂದು ವಾಹನವನ್ನು ಹೇಳುವುದು ಇದರ ಮುಂದುವರಿಕೆ. ವಾಹನದ ಲೆಕ್ಕ ಸರಳ: ಸೂರ್ಯನು ನಕ್ಷತ್ರವನ್ನು ಪ್ರವೇಶಿಸುವಾಗ ಆ ನಕ್ಷತ್ರದಿಂದ ಚಂದ್ರನಿರುವ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು 9ರಿಂದ ಭಾಗಿಸಿ, ಉಳಿದ ಶೇಷಕ್ಕೆ ತಕ್ಕಂತೆ ಆನೆ, ಎಮ್ಮೆ, ಕಪ್ಪೆ, ಕುದುರೆ, ನವಿಲು, ನರಿ, ಕತ್ತೆ ಮೊದಲಾದವುಗಳಲ್ಲಿ ಒಂದನ್ನು ಹೇಳುತ್ತಾರೆ, ನೀರನ್ನು ಮೆಚ್ಚುವ ಪ್ರಾಣಿ ಬಂದರೆ ಸಮೃದ್ಧಿ, ನರಿಯೋ ಕತ್ತೆಯೋ ಬಂದರೆ ಕೊರತೆ. ಹಿಂದೆ ಜೋಯಿಸರ ಕೈಬರಹದಲ್ಲಿದ್ದ ಈ ಫಲಗಳು ಗದಗ, ಹುಬ್ಬಳ್ಳಿ, ಬಾಗಲಕೋಟೆಗಳಲ್ಲಿ ಅಚ್ಚುಕೂಟಗಳು ಬಂದ ಮೇಲೆ ಮುದ್ರಿತ ಪಂಚಾಂಗಗಳಿಗೂ, ಆಮೇಲೆ ಗೋಡೆ ಕ್ಯಾಲೆಂಡರುಗಳಿಗೂ ಏರಿದವು. ಮಳೆನಕ್ಷತ್ರದ ಪಟ್ಟಿ ಮತ್ತು ವಾಹನದ ಫಲ ಒಂದೇ ಪುಟದಲ್ಲಿ ಅಚ್ಚಾದುದರಿಂದ ಎರಡಕ್ಕೂ ಒಂದೇ ತೂಕ ಬಂದುಬಿಟ್ಟಿತು, ಇದು ವಿಷಾದದ ಸಂಗತಿ: ಪಟ್ಟಿಯ ಬೆನ್ನಿಗೆ ಶತಮಾನಗಳ ಬೇಸಾಯದ ಅನುಭವವಿದೆ, ವಾಹನದ ಬೆನ್ನಿಗೆ ಇರುವುದು ಭಾಗಾಕಾರದ ಶೇಷ ಮಾತ್ರ.

ಪಟ್ಟಿಗೂ ಒಂದು ಮಿತಿಯಿತ್ತು. ಅದು ಮಳೆ ಬಂದರೆ ಏನು ಮಾಡಬೇಕೆಂದು ಹೇಳಬಲ್ಲುದು, ಮಳೆ ಬರುವುದೋ ಇಲ್ಲವೋ ಎಂದು ಹೇಳಲಾರದು. 1791–92ರ ಡೋಗಿಬರದಲ್ಲಿ, ಮತ್ತೆ 1876–78ರ ಮಹಾಕ್ಷಾಮದಲ್ಲಿ ಈ ಮಿತಿ ಭೀಕರವಾಗಿ ಗೋಚರಿಸಿತು. 1876ರಲ್ಲಿ ಮುಂಗಾರಿ ನಕ್ಷತ್ರಗಳು ಸಾಲದಾಗಿ, ಹಿಂಗಾರಿ ನಕ್ಷತ್ರಗಳು ಪೂರಾ ಕೈಕೊಟ್ಟು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪೂರ್ವದ ಸೀಮೆ ಬರಿದಾಯಿತು; 1872ರಿಂದ 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿಯಿತು. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಮಳೆಯ ಮುನ್ಸೂಚನೆಗೆ ಕೈಹಾಕಿದ್ದು ಈ ಕ್ಷಾಮದ ಬೆನ್ನಿಗೇ. ಹಿಮಾಲಯದ ಹಿಮದ ರಾಶಿಯನ್ನು ಆಧರಿಸಿದ ಮೊದಲ ಮುನ್ಸೂಚನೆ 1886ರಲ್ಲಿ ಹೊರಬಿತ್ತು.

ಇದೇ ಕಾಲಕ್ಕೆ ಚುಕ್ಕಿಗಳ ಹೊಳಪನ್ನು ಅಳೆಯುವ ವಿದ್ಯೆಯೂ ದಕ್ಷಿಣ ಭಾರತಕ್ಕೆ ಬಂದಿತ್ತು. ಬೀಟಲ್‌ಜ್ಯೂಸಿನ ಬೆಳಕು ಬದಲಾಗುವುದನ್ನು ಗುರುತಿಸಿದವನು ಜಾನ್ ಹರ್ಷೆಲ್, ದಕ್ಷಿಣ ಆಫ್ರಿಕದ ಕೇಪಿನಿಂದ, 1836ರಲ್ಲಿ. ಮದರಾಸು ವೀಕ್ಷಣಾಲಯದಲ್ಲಿ ಪೋಗ್ಸನ್ ಅವರ ಕೈಕೆಳಗೆ ದುಡಿದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರ ಚರಕಾಂತಿಯೆಂದು ಕಂಡುಹಿಡಿದರು. 1874ರ ಶುಕ್ರಸಂಕ್ರಮವನ್ನು ಕುರಿತ ಅವರ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತು. ಹಳೆಯ ಸಿದ್ಧಾಂತಗಳ ಲೆಕ್ಕವನ್ನು ಬಿಟ್ಟು, ಆಕಾಶದಲ್ಲಿ ಕಂಡಂತೆ ಲೆಕ್ಕ ಕೂಡಿಸುವ ದೃಗ್ಗಣಿತದ ಪಂಚಾಂಗ ಬೇಕೆಂದು ವಾದಿಸಿದವರಲ್ಲಿ ರಘುನಾಥಾಚಾರಿಯೂ ಒಬ್ಬರು.

ಆ ವಾದವನ್ನು ಗ್ರಂಥಗಳ ಮಟ್ಟಕ್ಕೆ ಒಯ್ದವರಲ್ಲಿ ಪ್ರಮುಖರಾದ ವೆಂಕಟೇಶ ಬಾಪೂಜಿ ಕೇತಕರ್ ಹುಟ್ಟಿದ್ದು 1854ರಲ್ಲಿ, ನರಗುಂದದಲ್ಲಿ. ನರಗುಂದದ ಅರಸ ಬಾಬಾಸಾಹೇಬ ಭಾವೆಯವರ ಬಂಡಾಯವು ಬ್ರಿಟಿಷರ ಕೈಯಲ್ಲಿ ಮುರಿದುಬಿದ್ದ 1858ರಲ್ಲಿ ಅವರು ನಾಲ್ಕು ವರ್ಷದ ಮಗು. ಮುಂದೆ ಶಾಲಾಶಿಕ್ಷಕರಾಗಿ, ಬಹುಕಾಲ ಬಾಗಲಕೋಟೆಯಲ್ಲಿ ನೆಲೆಸಿ, ಯುರೋಪಿನ ಹೊಸ ಗ್ರಹಗಣಿತವನ್ನು ಸಂಸ್ಕೃತದ ಚೌಕಟ್ಟಿಗೆ ಇಳಿಸಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಮೊದಲಾದ ಕೃತಿಗಳನ್ನು ರಚಿಸಿದರು. 1911ರಲ್ಲಿ ಫ್ರೆಂಚ್ ಖಗೋಳ ಸಂಘದ ಪತ್ರಿಕೆಯಲ್ಲಿ ನೆಪ್ಚೂನಿನ ಆಚೆ, ಸುಮಾರು 242 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ಗ್ರಹವೊಂದಿರಬೇಕೆಂದು ಅವರು ಬರೆದರು. 1930ರಲ್ಲಿ, ಅವರು ತೀರಿಕೊಂಡ ವರ್ಷವೇ, 248 ವರ್ಷದ ಸುತ್ತಿನ ಪ್ಲೂಟೋ ಸಿಕ್ಕಿತು. ಇದು ಬಹುಮಟ್ಟಿಗೆ ಕಾಕತಾಳೀಯವಾದರೂ ಅವರ ಹೆಸರು ಹೆಚ್ಚಾಗಿ ಇದರಿಂದಲೇ ಉಳಿದಿದೆ. ಮಳೆಲೆಕ್ಕದ ದೃಷ್ಟಿಯಿಂದ ಅದಕ್ಕಿಂತ ಮಹತ್ವದ್ದು ಬೇರೆ ಇದೆ. ನಕ್ಷತ್ರಚಕ್ರದ ಮೊದಲ ಬಿಂದುವನ್ನು ಎಲ್ಲಿ ಇಡಬೇಕೆಂಬ ಜಗಳದಲ್ಲಿ ಒಂದು ಪಕ್ಷ ರೇವತಿಯ ಮಂದವಾದ ಚುಕ್ಕಿಯನ್ನು ಹಿಡಿಯಿತು, ತಿಲಕ್ ಪಂಚಾಂಗ ಇದನ್ನು ಅನುಸರಿಸಿತು. ಇನ್ನೊಂದು ಪಕ್ಷ ಪ್ರಖರವಾದ ಚಿತ್ತಾ ಚುಕ್ಕಿ 180 ಅಂಶದಲ್ಲಿರುವಂತೆ ಚಕ್ರವನ್ನು ಕೂಡಿಸಬೇಕೆಂದಿತು, ಕೇತಕರ್ ಇದರ ಮುಖ್ಯ ಪ್ರತಿಪಾದಕರು. ಎರಡರ ನಡುವಿನ ಅಂತರ ಸುಮಾರು 4 ಅಂಶ, ಎಂದರೆ ಆರಿದ್ರಾ ಪ್ರವೇಶದಲ್ಲಿ 4 ದಿನ; ಒಂದೇ ಮಳೆಯನ್ನು ಒಂದು ಪಂಚಾಂಗ ಮಿರಗದ್ದೆಂದರೆ ಇನ್ನೊಂದು ಆರಿದ್ರೆಯದ್ದೆನ್ನುವಷ್ಟು. ಕೊನೆಗೆ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿದ್ದು ಚಿತ್ತಾಪಕ್ಷವನ್ನೇ. ಹೀಗೆ, ಇಂದು ಕ್ಯಾಲೆಂಡರುಗಳಲ್ಲಿ ಕಾಣುವ ಆರಿದ್ರೆಯ ತಾರೀಖಿನ ಹಿಂದೆ ನರಗುಂದದ ಮಗನೊಬ್ಬನ ಗಣಿತವಿದೆ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಒಂದು ಭಾಗಕ್ಕೆ ಮಳೆಲೆಕ್ಕವೇ ಗೌಣವಾಗುವ ಕಾಲ ಬಂದಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆಗಳು ನರಗುಂದ, ನವಲಗುಂದಗಳ ಎರಿ ಹೊಲಗಳಿಗೆ ಬಂದಾಗ, ಉತ್ತರಿಗಾಗಿ ಕಾಯುತ್ತಿದ್ದವರು ಕಾಲುವೆಯ ಸರದಿಗಾಗಿ ಕಾಯತೊಡಗಿದರು. ನೀರು ಸರಿಯಾಗಿ ತಲುಪುವ ಮೊದಲೇ ಅಭಿವೃದ್ಧಿ ಕರದ ವಸೂಲಿಗೆ ಇಳಿದುದರಿಂದ ಎದ್ದ ರೈತ ಹೋರಾಟ 1980ರ ಜುಲೈ 21ರಂದು, ಪುಷ್ಯ ಮಳೆಯ ಮೊದಲ ದಿನಗಳಲ್ಲಿ, ಗೋಲಿಬಾರಿಗೆ ಎಡೆಯಾಗಿ ರೈತರು ಪ್ರಾಣ ಕಳೆದುಕೊಂಡರು. ಆ ದಿನವನ್ನು ನರಗುಂದದಲ್ಲಿ ಇಂದಿಗೂ ಹುತಾತ್ಮ ರೈತರ ದಿನವಾಗಿ ಆಚರಿಸುತ್ತಾರೆ. ಕಾಲುವೆ ಮುಟ್ಟದ ರೋಣದ ಒಣಬೇಸಾಯದ ಹಳ್ಳಿಗಳಲ್ಲಿ, ಗಜೇಂದ್ರಗಡದ ಗುಡ್ಡದಂಚಿನಲ್ಲಿ ಹಳೆಯ ಪಟ್ಟಿ ತನ್ನ ಕೆಲಸವನ್ನು ಬಿಟ್ಟುಕೊಡಲಿಲ್ಲ.

ಆರಿದ್ರೆಯ ಚುಕ್ಕಿಯೇ ಜಗತ್ತಿನ ಸುದ್ದಿಯಾದದ್ದು 2019ರ ಕೊನೆಯಲ್ಲಿ. ಆ ವರ್ಷದ ಅಕ್ಟೋಬರಿನಿಂದ ಮಂಕಾಗುತ್ತ ಬಂದ ಬೀಟಲ್‌ಜ್ಯೂಸ್ 2020ರ ಫೆಬ್ರವರಿಯಲ್ಲಿ ತನ್ನ ಎಂದಿನ ಬೆಳಕಿನ ಅರ್ಧಕ್ಕಿಂತಲೂ ಕೆಳಗಿಳಿಯಿತು. ಚುಕ್ಕಿಯ ಹೊಳಪನ್ನು ಹೇಳುವ ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ, ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಅಂಕಿ 1.6ರವರೆಗೆ ಹೋಯಿತು. ಜೋಳದ ಸುಗ್ಗಿ ನಡೆಯುತ್ತಿದ್ದ ಆ ದಿನಗಳ ಸಂಜೆಯಲ್ಲಿ ಈ ಸೀಮೆಯ ಯಾವ ಹೊಲದಿಂದ ನೋಡಿದರೂ, ಸಾಮಾನ್ಯವಾಗಿ ರೋಹಿಣಿಗಿಂತ ಪ್ರಕಾಶಮಾನವಾಗಿರುವ ಆರಿದ್ರೆ ಅದಕ್ಕಿಂತ ಸ್ಪಷ್ಟವಾಗಿ ಮಂಕಾಗಿ, ಮಹಾವ್ಯಾಧನ ಇನ್ನೊಂದು ಭುಜದ ಬೆಲ್ಲಾಟ್ರಿಕ್ಸಿಗೆ ಸಮನಾಗಿ, ಬರಿಗಣ್ಣಿಗೇ ಕಾಣುತ್ತಿತ್ತು. ನಕ್ಷತ್ರ ಸಿಡಿಯುವ ಕಾಲ ಬಂದಿತೇ ಎಂಬ ಊಹೆಗಳೆದ್ದವು. ಒಡಲಿನಿಂದ ಹೊರಚಿಮ್ಮಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡವಾಯಿತೆಂಬುದು ಆಮೇಲೆ ಗಟ್ಟಿಯಾದ ವಿವರಣೆ. ಏಪ್ರಿಲ್ ಹೊತ್ತಿಗೆ ಅದು ಮತ್ತೆ ಬೆಳಗಿತು. ಆ ವರ್ಷ ಭೂಮಿಯಿಂದ ಅದು ಕಾಣದ ದಿನಗಳಲ್ಲಿಯೂ ಅಳತೆ ನಿಲ್ಲಲಿಲ್ಲ: ಸೂರ್ಯನನ್ನು ಬೇರೊಂದು ಕೋನದಿಂದ ನೋಡುತ್ತಿದ್ದ ಸ್ಟೀರಿಯೊ ಎಂಬ ನಾಸಾದ ನೌಕೆ 2020ರ ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ ಅದನ್ನು ಅಳೆದು, ಎಣಿಸಿದ್ದಕ್ಕಿಂತ ಬೇಗ ಅದು ಮತ್ತೆ ಮಂಕಾಗುತ್ತಿದೆಯೆಂದು ತೋರಿಸಿತು. ಪಂಚಾಂಗದ ಆರಿದ್ರಾ ಮಳೆಯ ಕೊನೆಯ ದಿನಗಳು ಈ ಅವಧಿಯೊಳಗೇ ಬರುತ್ತವೆ.

ಚುಕ್ಕಿಯ ಬೆಳಕಿನ ಈ ಏರಿಳಿತಕ್ಕೂ ರೋಣದ ಹೊಲಕ್ಕೆ ಬೀಳುವ ಮಳೆಗೂ ಯಾವ ಕಾರಣಸಂಬಂಧವೂ ಇಲ್ಲ. 500 ಬೆಳಕುವರ್ಷಕ್ಕೂ ದೂರದ ಬೆಳಕು ಮೋಡವನ್ನು ಕಟ್ಟುವುದಿಲ್ಲ. ಸಂಬಂಧವಿರುವುದು ತಾರೀಖಿನಲ್ಲಿ, ಆ ತಾರೀಖೂ ಸ್ಥಿರವಲ್ಲ. ಬೀಟಲ್‌ಜ್ಯೂಸಿನ ಸ್ಥಾನಕ್ಕೆ ಸೂರ್ಯ ಬರುವುದು ಈಗ ಜೂನ್ 20ರ ಹೊತ್ತಿಗೆ, ವರ್ಷದ ಅತಿ ದೀರ್ಘ ಹಗಲಿನ ಸಮೀಪದಲ್ಲಿ; ಸಮಭಾಗದ ಲೆಕ್ಕದಲ್ಲಿ ಆರಿದ್ರೆ ಶುರುವಾಗುವುದು ಅದಾದ ಎರಡು ದಿನಕ್ಕೆ, ಅಂದರೆ ಚುಕ್ಕಿಯೇ ತನ್ನ ಹೆಸರಿನ ಭಾಗದಿಂದ ಸ್ವಲ್ಪ ಹೊರಗಿದ್ದು ಮಿರಗದ ಕೊನೆಯ ದಿನಗಳಿಗೆ ಸೇರಿದೆ. ಸಾಹಾ ಸಮಿತಿಯು ಹಬ್ಬಗಳ ಮಾಸಗಳು ಋತುವಿನಿಂದ ಇನ್ನೂ ದೂರ ಜಾರದಿರಲೆಂದು ಅವುಗಳಿಗೆ 23 ಅಂಶ 15 ಕಲೆಯ ಸ್ಥಿರ ಅಯನಾಂಶವನ್ನು ಗೊತ್ತುಮಾಡಿತು, ಆದರೆ ನಕ್ಷತ್ರಗಳ ಲೆಕ್ಕವನ್ನು ಚಲಿಸುವ ಅಯನಾಂಶಕ್ಕೇ ಬಿಟ್ಟಿತು. ಆದುದರಿಂದ ಮಳೆನಕ್ಷತ್ರಗಳು ದೃಗ್ಗಣಿತದ ಲೆಕ್ಕದಲ್ಲಿ ಸುಮಾರು 70 ವರ್ಷಕ್ಕೊಂದು ದಿನದಂತೆ ಜಾರುತ್ತಲೇ ಇವೆ. ಪಂಚಾಂಗಕರ್ತರು ಇದೇ ಕ್ರಮವನ್ನು ಉಳಿಸಿಕೊಂಡರೆ ಇನ್ನು 900–950 ವರ್ಷಗಳಲ್ಲಿ ಆರಿದ್ರೆ ಜುಲೈ ಮೊದಲ ವಾರಕ್ಕೆ ಸರಿಯುತ್ತದೆ. ಶ್ರೀಧರಾಚಾರ್ಯನ ಕಾಲದಲ್ಲಿ ಆರಿದ್ರೆಯ ಹೆಸರಿನಲ್ಲಿದ್ದ, ಈಗ ಮಿರಗದ ಹೆಸರಿನಲ್ಲಿರುವ ಜೂನ್ ಆರಂಭದ ಬಿತ್ತಿಗೆಯ ಮಳೆ ಆಗ ರೋಹಿಣಿಯ ಹೆಸರಿಗೆ ಬರುತ್ತದೆ.